ಟ್ಯಾಂಕ್ ತಗ್ಗಿನಲ್ಲಿ, ಯುಜಿಡಿ ದಿಬ್ಬದಲ್ಲಿ: 42 ಮನೆಗಳ ಲೇಔಟ್ ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ್ರಿ ಸರ. ಹುಬ್ಬಳ್ಳಿ ಹೊರವಲಯದಾಗ ನಮ್ಮದು 42 ಮನಿ ಲೇಔಟ್. 15 ವರ್ಷದ ಹಿಂದ ಡೆವಲಪರ್ ಎಲ್ಲಾ ಮನಿಗೂ ಕೂಡಿಸಿ ತಗ್ಗಿನ ಮೂಲ್ಯಾಗ ಒಂದ ದೊಡ್ಡ ಸೆಪ್ಟಿಕ್ ಟ್ಯಾಂಕ್, ಬಾಜೂಕ ಒಂದ ಸೋಕ್ ಪಿಟ್ ಮಾಡಿಕೊಟ್ಟಾರ. ಮೊದಲ ವರ್ಷಕ್ಕೊಮ್ಮೆ ಗಾಡಿ ಕರಿಸ್ತಿದ್ವಿ. ಈಗ ಮಳಿಗಾಲದಾಗ ತಿಂಗಳಿಗೊಮ್ಮೆ ಕರಿಸಿದ್ರೂ ತುಂಬಿ ಹರೀತದ, ಕಡೀ ಸಾಲಿನ ಮನಿಯವರಿಗೆ ವಾಸನಿ ತಡಕೊಳ್ಳಾಕ ಆಗವಲ್ದು. ಕುಡಿಯೂ ನೀರು ಮೊದಲ ವಾರಕ್ಕೊಮ್ಮೆ ಬರ್ತಿತ್ತು, ಈಗ ದಿನಾ ಬರತದ. ಮೇನ್ ರೋಡಿಗೆ ಯುಜಿಡಿ (ನೆಲದಡಿ ಒಳಚರಂಡಿ) ಬಂದದ, ಟ್ಯಾಂಕಿನಿಂದ ಸುಮಾರು 180 ಮೀಟರ್. ಆದ್ರ ರೋಡ್ ನಮ್ಮ ಟ್ಯಾಂಕಿನ ಜಾಗಾಕ್ಕಿಂತ ಎತ್ತರ ಐತಿ. ಪ್ಲಂಬರ್ ಒಬ್ರು 'ಟ್ಯಾಂಕಿನ ಔಟ್‌ಲೆಟ್‌ಗೆ ಪೈಪ್ ಹಚ್ಚಿ ಮ್ಯಾನ್‌ಹೋಲಿಗೆ ಕೊಟ್ಟರ ಮುಗೀತು' ಅಂತಾರ. ಕೆಲವರು ಅಲ್ಲೀತನಕ ಗಟಾರಕ್ಕ ಬಿಡೂಣು ಅಂತಾರ. ಇನ್ನ ಕೆಲವರು ಟ್ಯಾಂಕ್ ಇದ್ದರ ಯುಜಿಡಿ ಕಟ್ಟಂಗಿಲ್ಲ, ಮುಚ್ಚೂದ ಬ್ಯಾಡ ಅಂತಾರ. ರೊಕ್ಕ ಕೂಡಸೂ ಮೊದಲ ಏನ ನೋಡಬೇಕು?
— ಸಂಘದ ಕಾರ್ಯದರ್ಶಿ, ಹುಬ್ಬಳ್ಳಿ

ಉತ್ತರ: ಮೊದಲು ನೋಡಬೇಕಾದದ್ದು ಲೆವೆಲ್, ಅಂದರೆ ಯಾವ ಪೈಪ್ ಎಷ್ಟು ಎತ್ತರದಲ್ಲಿ, ಎಷ್ಟು ತಗ್ಗಿನಲ್ಲಿದೆ ಎಂಬುದು. ಪೈಪಿನ ಕಂಪನಿ, ಗುತ್ತಿಗೆದಾರನ ದರ, ಮನೆಗೆ ಎಷ್ಟು ವಂತಿಗೆ ಎಂಬುದೆಲ್ಲ ಆಮೇಲಿನ ಮಾತು. ರಸ್ತೆ ಎತ್ತರದಲ್ಲಿದೆ ಎಂದು ನೀವೇ ಬರೆದಿದ್ದೀರಿ. ನಿಮ್ಮ ಪ್ಲಂಬರ್ ಹೇಳಿದ ಕೆಲಸ ಆಗುತ್ತದೋ ಇಲ್ಲವೋ ಎಂಬುದನ್ನು ಆ ಒಂದು ಸಾಲೇ ತೀರ್ಮಾನಿಸಬಹುದು.

ಟ್ಯಾಂಕ್ ಏಕೆ ತುಂಬುತ್ತಿದೆ ಎಂಬುದನ್ನು ತಿಳಿದರೆ ಗಟಾರದ ಸಲಹೆ ಏಕೆ ತಪ್ಪು ಎಂಬುದೂ ತಿಳಿಯುತ್ತದೆ, ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ. ಸೆಪ್ಟಿಕ್ ಟ್ಯಾಂಕ್ ನೀರನ್ನು ಮಾಯ ಮಾಡುವುದಿಲ್ಲ. ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಎಣ್ಣೆ ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಎಷ್ಟು ಒಳಬಂತೋ ಅಷ್ಟೇ ಹೊರಗೆ ಹೋಗುತ್ತದೆ. ಆ ನೀರನ್ನು ಕುಡಿಯಬೇಕಾದದ್ದು ಸೋಕ್ ಪಿಟ್ ಸುತ್ತಲಿನ ಮಣ್ಣು. ಹುಬ್ಬಳ್ಳಿಯ ಬಹುಪಾಲು ನೆಲ ಕರಿ ಎರಿ. ಮಳೆ ಬಿದ್ದ ಕೂಡಲೇ ಅದು ಉಬ್ಬಿ, ಸಂದುಗಳೆಲ್ಲ ಮುಚ್ಚಿಕೊಂಡು ನೀರು ಇಂಗುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಭಾರತೀಯ ಮಾನಕ ಐಎಸ್ 2470ರ ಪ್ರಕಾರ, ಪರೀಕ್ಷೆಗೆ ತೋಡಿದ ಕುಣಿಯಲ್ಲಿ ನೀರು 25 ಮಿ.ಮೀ. ಇಳಿಯಲು 30 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಆ ಜಾಗ ಸೋಕ್ ಪಿಟ್‌ಗೆ ಲಾಯಕ್ಕಲ್ಲ. ನೆನೆದ ಎರಿ ಮಣ್ಣಿನಲ್ಲಿ ಅಷ್ಟು ಬೇಗ ನೀರು ಇಳಿಯುವುದನ್ನು ನಿರೀಕ್ಷಿಸಲಾಗದು. ಧಾರವಾಡದ ಕೆಂಪು ಮಸಾರಿ ಭಾಗಗಳಲ್ಲಿ ಇದೇ ಅಳತೆಯ ಪಿಟ್ ಬಹಳ ವರ್ಷ ನಡೆಯಬಹುದು. ಹಾಗಾಗಿ ಅಲ್ಲಿಯ ಸಂಬಂಧಿಕರ ಅನುಭವವನ್ನು ಇಲ್ಲಿಗೆ ಹೊಂದಿಸಬೇಡಿ.

ಎರಡನೆಯ ಕಾರಣ ನಿಮ್ಮ ನಲ್ಲಿ. ವಾರಕ್ಕೊಮ್ಮೆ ನೀರು ಬರುವಾಗ ಮನೆಯವರು ಬಿಂದಿಗೆ ಲೆಕ್ಕದಲ್ಲಿ ಬಳಸುತ್ತಾರೆ. ದಿನವೂ ಬಂದಾಗ ಬಳಕೆ ಏರುತ್ತದೆ, ಬಳಸಿದ್ದರಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಬರುತ್ತದೆ. ಮನೆಗೆ ಐವರು, ತಲೆಗೆ 135 ಲೀಟರ್ ಎಂಬ ಸರಕಾರಿ ವಿನ್ಯಾಸದ ಅಳತೆ ಹಿಡಿದರೆ 210 ಜನರಿಂದ ದಿನಕ್ಕೆ ಸುಮಾರು 23 ಸಾವಿರ ಲೀಟರ್. ತಿಂಗಳಿಗೊಮ್ಮೆ ಗಾಡಿ ಬಂದು ಟ್ಯಾಂಕ್ ಖಾಲಿ ಮಾಡಿದರೂ ಎರಡು ಮೂರು ದಿನದಲ್ಲಿ ಅದು ಮತ್ತೆ ಭರ್ತಿಯಾಗುವುದು ಇದೇ ಕಾರಣಕ್ಕೆ. ಗಾಡಿಯವರು ಮೋಸ ಮಾಡುತ್ತಿದ್ದಾರೆ ಎಂದುಕೊಳ್ಳಬೇಕಿಲ್ಲ. ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಪುಡಿಯೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಹೊರಹೋಗಲು ದಾರಿ ಇಲ್ಲದಿರುವುದು ನೀರಿಗೆ.

ಈ ನೀರನ್ನು "ಸದ್ಯಕ್ಕೆ" ಮಳೆನೀರಿನ ಗಟಾರಕ್ಕೆ ಬಿಡುವುದು ಬೇಡವೇ ಬೇಡ. ಟ್ಯಾಂಕಿನಿಂದ ತಿಳಿಯಾಗಿ ಕಾಣುವ ನೀರಿನಲ್ಲೂ ರೋಗಾಣು, ಜಂತಿನ ಮೊಟ್ಟೆ ಇದ್ದೇ ಇರುತ್ತವೆ. ಅದು ಕೆಳಗಿನ ಓಣಿಯ ಮಕ್ಕಳ ಕಾಲಿಗೆ ತಾಗಿ, ನಾಲಾ ಸೇರಿ, ಮುಂದೆ ಯಾರದೋ ಹೊಲದ ಕಾಯಿಪಲ್ಲೆಗೆ ಹೋಗುತ್ತದೆ. ಗಟಾರದ ಪಕ್ಕದಲ್ಲೇ ಕುಡಿಯುವ ನೀರಿನ ಪೈಪ್ ಹಾಯ್ದಿದ್ದು ಅದರ ಒಂದು ಜಾಯಿಂಟ್ ಸಡಿಲವಾಗಿದ್ದರೆ, ನೀರು ನಿಂತ ಹೊತ್ತಿನಲ್ಲಿ ಕೊಳಚೆ ಒಳಗೆ ಎಳೆದುಕೊಳ್ಳುತ್ತದೆ. ಕಾಯ್ದೆಯ ಪ್ರಕಾರವೂ ಇದು ಅಪರಾಧ.

ಲೆವೆಲ್ ತೆಗೆಸುವುದು

ಖಾಸಗಿ ಸರ್ವೇಯರ್ ಒಬ್ಬರು ಆಟೋ ಲೆವೆಲ್ (ಮಟ್ಟ ಅಳೆಯುವ ಉಪಕರಣ) ತಂದರೆ ಒಂದು ದಿನದ ಕೆಲಸ. ಅವರಿಂದ ಬೇಕಾದ ಅಂಕಿಗಳು ಇವು: ಪ್ರತಿ ಮನೆಯ ಹೊರಗಿನ ಚೇಂಬರಿನಲ್ಲಿ ಪೈಪಿನ ತಳದ ಮಟ್ಟ, ಟ್ಯಾಂಕಿಗೆ ಪೈಪ್ ಸೇರುವ ತಳದ ಮಟ್ಟ, ಒಳರಸ್ತೆಗಳ ನೆಲಮಟ್ಟ, ಮತ್ತು ಯುಜಿಡಿ ಮ್ಯಾನ್‌ಹೋಲಿನ ಮುಚ್ಚಳ ಹಾಗೂ ಒಳಗಿನ ಪೈಪಿನ ತಳ. ಕೊನೆಯದನ್ನು ಪಾಲಿಕೆಯ ವಲಯ ಕಚೇರಿಯ ಸಿಬ್ಬಂದಿಯ ಸಮ್ಮುಖದಲ್ಲೇ ಮುಚ್ಚಳ ತೆಗೆದು, ಮೇಲಿನಿಂದ ಅಳತೆಯ ಕೋಲು ಇಳಿಸಿ ಓದಬೇಕು. ಯಾರೂ ಒಳಗೆ ಇಳಿಯಕೂಡದು. ಒಂದೇ ಮ್ಯಾನ್‌ಹೋಲ್ ಸಾಲದು, ಹತ್ತಿರದ ಮೂರು ನಾಲ್ಕನ್ನು ಓದಿಸಿ.

ನಿಮ್ಮ ಪತ್ರದಲ್ಲಿ ಆಳಗಳಿಲ್ಲ, ಆದ್ದರಿಂದ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಟ್ಯಾಂಕಿಗೆ ಪೈಪ್ ಸೇರುವುದು ನೆಲದಿಂದ 1.6 ಮೀ. ಕೆಳಗೆ. ರಸ್ತೆ ಆ ನೆಲಕ್ಕಿಂತ 0.9 ಮೀ. ಎತ್ತರ. ಮ್ಯಾನ್‌ಹೋಲಿನ ಆಳ 2.1 ಮೀ. ಅಂದರೆ ಮ್ಯಾನ್‌ಹೋಲಿನ ತಳ ಟ್ಯಾಂಕಿನ ಬಳಿಯ ನೆಲಕ್ಕಿಂತ 1.2 ಮೀ. ಮಾತ್ರ ಕೆಳಗಿದೆ, ನಿಮ್ಮ ಪೈಪ್ ಅದಕ್ಕಿಂತಲೂ 0.4 ಮೀ. ಕೆಳಗಿದೆ. ಇದರ ಮೇಲೆ 180 ಮೀ. ದೂರಕ್ಕೆ 150ಕ್ಕೆ 1ರ (150 ಮೀ. ಉದ್ದಕ್ಕೆ 1 ಮೀ. ಇಳಿತದ) ಇಳಿಜಾರು ಕೊಟ್ಟರೂ 1.2 ಮೀ. ಬೇಕು. ಒಟ್ಟು ಕೊರತೆ 1.6 ಮೀ. ಇಂಥ ಕಡೆ ಔಟ್‌ಲೆಟ್‌ಗೆ ಪೈಪ್ ಹಚ್ಚಿದರೆ ನೀರು ಮುಂದೆ ಹೋಗುವ ಮೊದಲು ಹಿಂದೆ ಏರುತ್ತದೆ. ಟ್ಯಾಂಕ್, ಅದರ ಹಿಂದಿನ ಚೇಂಬರುಗಳು, ಕೊನೆಗೆ ತಗ್ಗಿನ ಮನೆಗಳ ಬಚ್ಚಲು ತುಂಬಿದ ಮೇಲೆಯೇ ಅದು ರಸ್ತೆಯ ಕಡೆ ಹರಿದೀತು. ಉದ್ಘಾಟನೆಯ ದಿನ ಎಲ್ಲವೂ ಸರಿ ಕಾಣುತ್ತದೆ, ಏಕೆಂದರೆ ಅಂದು ಟ್ಯಾಂಕ್ ಖಾಲಿ ಇರುತ್ತದೆ.

ಇಳಿಜಾರಿನ ವಿಷಯದಲ್ಲಿ ಚೌಕಾಶಿ ಬೇಡ. ಮನೆಯಿಂದ ಬರುವ 110 ಮಿ.ಮೀ. ಪೈಪಿಗೆ 60ಕ್ಕೆ 1, ಓಣಿಯ 160 ಮಿ.ಮೀ. ಪೈಪಿಗೆ 100ಕ್ಕೆ 1 ಹಿಡಿಯಿರಿ. ಆಳ ಸಿಗದಿದ್ದರೆ ಓಣಿಯ ಪೈಪಿಗೆ 150ಕ್ಕೆ 1ರವರೆಗೆ ಇಳಿಯಬಹುದು. ನಗರದ ದೊಡ್ಡ ಸಾಲುಗಳಲ್ಲಿ ಇದಕ್ಕಿಂತ ಕಡಿಮೆ ಇಳಿಜಾರು ನಡೆಯುತ್ತದೆ, ಏಕೆಂದರೆ ಅಲ್ಲಿ ನೀರಿನ ಪ್ರಮಾಣ ಹೆಚ್ಚು. ಹೊಲಸು ತಳದಲ್ಲಿ ಕೂರದಿರಲು ದಿನಕ್ಕೊಮ್ಮೆಯಾದರೂ ಸೆಕೆಂಡಿಗೆ 0.6 ಮೀ. ವೇಗ ಬೇಕು. ನಿಮ್ಮಲ್ಲಿ ಬೆಳಗಿನ ರಭಸದಲ್ಲೂ ಸೆಕೆಂಡಿಗೆ ಸುಮಾರು 0.8 ಲೀಟರ್ ಅಷ್ಟೇ ಹರಿಯುತ್ತದೆ. "ದೊಡ್ಡ ಪೈಪ್ ಹಾಕಿಬಿಡೋಣ, ಮುಂದೆ ಕಟ್ಟುವುದಿಲ್ಲ" ಎಂಬ ನಂಬಿಕೆ ಇಲ್ಲಿ ಪೂರಾ ಉಲ್ಟಾ. 42 ಮನೆಗೆ 300 ಮಿ.ಮೀ. ಪೈಪ್ ಹಾಕಿದರೆ ನೀರು ತಳದಲ್ಲಿ ತೆಳ್ಳಗೆ ಹರಡಿ ಗಟ್ಟಿ ಪದಾರ್ಥವನ್ನು ಅಲ್ಲಲ್ಲೇ ಬಿಟ್ಟು ಹೋಗುತ್ತದೆ. ಪಾಲಿಕೆ ಎಂಜಿನಿಯರ್ 200 ಬೇಕೆಂದರೆ ಒಪ್ಪಿಕೊಳ್ಳಿ, ಅದಕ್ಕಿಂತ ಮುಂದೆ ಹೋಗಬೇಡಿ.

ದಾರಿಗಳು

ಲೆವೆಲ್ ಕೈಗೆ ಬಂದ ಮೇಲೆ ಮೊದಲು ಕೇಳಬೇಕಾದ ಪ್ರಶ್ನೆ: ಮೇನ್ ರೋಡಿನ ಮ್ಯಾನ್‌ಹೋಲೇ ಬೇಕೇ? ಯುಜಿಡಿಯ ದೊಡ್ಡ ಸಾಲುಗಳು ಸಾಮಾನ್ಯವಾಗಿ ನಾಲಾ ದಂಡೆಗುಂಟ ಹೋಗುತ್ತವೆ, ಏಕೆಂದರೆ ಊರಿನ ತಗ್ಗು ಅಲ್ಲಿರುತ್ತದೆ. ನಿಮ್ಮ ಟ್ಯಾಂಕ್ ಇರುವ ಮೂಲೆಯೂ ತಗ್ಗೇ. ಅಲ್ಲಿಂದ ಕೆಳದಿಕ್ಕಿನಲ್ಲಿ 400 ಮೀ. ಆಚೆ ಒಂದು ಸಾಲು ಇದ್ದರೆ, 180 ಮೀ. ದೂರದ ಎತ್ತರದ ಮ್ಯಾನ್‌ಹೋಲಿಗಿಂತ ಅದೇ ಒಳ್ಳೆಯದು. ಖರ್ಚು ಒಮ್ಮೆ ಹೆಚ್ಚಾದೀತು, ಮುಂದೆ ಕರೆಂಟೂ ಬೇಡ, ಪಂಪೂ ಬೇಡ. ನಡುವೆ ಖಾಸಗಿ ಜಮೀನು ಬಂದರೆ ಮಾಲೀಕರ ಒಪ್ಪಿಗೆಯನ್ನು ನೋಂದಣಿ ಮಾಡಿಸಿಕೊಳ್ಳಬೇಕು. ಬಾಯಿಮಾತು ಜಮೀನು ಮಾರಾಟವಾಗುವವರೆಗೆ ಮಾತ್ರ. ಯುಜಿಡಿ ನಕ್ಷೆಯನ್ನು ಪಾಲಿಕೆಯಲ್ಲಿ, ಇಲ್ಲವೇ ಕಾಮಗಾರಿ ಮಾಡಿದ್ದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯಾಗಿದ್ದರೆ ಅಲ್ಲಿ, ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

ಅದು ಆಗದಿದ್ದರೆ ಲೇಔಟನ್ನು ಎರಡು ಭಾಗ ಮಾಡಿ ನೋಡಿ. ಹೆಚ್ಚಿನ ಸಂಘಗಳು ಇದನ್ನು ಯೋಚಿಸುವುದೇ ಇಲ್ಲ. ಮೇನ್ ರೋಡಿಗೆ ಹತ್ತಿರದ, ಎತ್ತರದ ಸಾಲುಗಳ ಮನೆಗಳು ಇಂದು ತಗ್ಗಿನ ಟ್ಯಾಂಕಿಗೆ ಹರಿಯುತ್ತಿರುವುದು ಡೆವಲಪರ್ ಹಾಗೆ ಪೈಪ್ ಹಾಕಿದ್ದರಿಂದ. ಹೊಸ ಸಾಲು ಹಾಕಿ ಅವುಗಳನ್ನು ನೇರ ರಸ್ತೆಯ ಕಡೆ ತಿರುಗಿಸಬಹುದೇನೋ ಲೆಕ್ಕ ಹಾಕಿಸಿ. ಅರ್ಧಕ್ಕಿಂತ ಹೆಚ್ಚು ಮನೆಗಳು ಹಾಗೆ ಹೋದರೆ ಉಳಿದವಕ್ಕೆ ಮಾತ್ರ ಪಂಪ್ ಸಾಕು, ಕರೆಂಟ್ ಹೋದಾಗ ತುಂಬುವ ನೀರೂ ಅರ್ಧ.

ಪಂಪಿನ ವ್ಯವಸ್ಥೆ ಹೀಗಿರಬೇಕು. ಟ್ಯಾಂಕಿನ ಬದಿಯಲ್ಲಿ ಹೊಸದೊಂದು ಆರ್‌ಸಿಸಿ ಬಾವಿ. ಅದರಲ್ಲಿ ನೀರಿನೊಳಗೇ ಇದ್ದು ಹೊಲಸನ್ನು ಕತ್ತರಿಸಿ ಎತ್ತುವ ಎರಡು ಸಬ್‌ಮರ್ಸಿಬಲ್ ಕಟರ್ ಪಂಪ್, ಒಂದು ಓಡುವಾಗ ಒಂದು ಸ್ಟ್ಯಾಂಡ್‌ಬೈ, ಸರದಿಯಲ್ಲಿ ತಾನಾಗಿ ಬದಲಾಗುವ ಪ್ಯಾನಲ್. ಸೆಕೆಂಡಿಗೆ 3 ಲೀಟರ್ ಎತ್ತುವ ಪಂಪು, 90 ಮಿ.ಮೀ. ಎಚ್‌ಡಿಪಿಇ ಪೈಪು ಒಂದಕ್ಕೊಂದು ಹೊಂದುತ್ತವೆ: ಆ ಪೈಪಿನಲ್ಲಿ ವೇಗ ಸುಮಾರು 0.6 ಮೀ. ಬರುತ್ತದೆ. ಮೇಲಿನ ಉದಾಹರಣೆಯಷ್ಟೇ ಎತ್ತರವಿದ್ದರೆ ಒಂದರಿಂದ ಎರಡು ಎಚ್‌ಪಿ ಸಾಕು. ನೀರಿನ ಮಟ್ಟ ನೋಡಿ ಪಂಪ್ ನಡೆಸುವ ಫ್ಲೋಟ್ ಸ್ವಿಚ್ಚಿನ ಆನ್ ಮತ್ತು ಆಫ್ ನಡುವೆ 700–800 ಲೀಟರ್ ಇದ್ದರೆ ಪಂಪ್ ಒಮ್ಮೆಗೆ ನಾಲ್ಕೈದು ನಿಮಿಷ ಓಡುತ್ತದೆ. ನೀರು ಹಿಂದೆ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವನ್ನು ಬಾವಿಯೊಳಗೆ ಹಾಕಬೇಡಿ, ಹೊರಗೆ ಬೇರೆ ಚೇಂಬರಿನಲ್ಲಿ ಹಾಕಿಸಿ. ಪಂಪನ್ನು ಗೈಡ್ ರೈಲಿನ ಮೇಲೆ ಸರಪಳಿಯಿಂದ ಮೇಲೆತ್ತುವಂತಿರಬೇಕು. ಅದಿಲ್ಲದಿದ್ದರೆ ಬಟ್ಟೆ ಸಿಕ್ಕಿಕೊಂಡ ದಿನ ಯಾರನ್ನೋ ಒಳಗೆ ಇಳಿಸುವ ಪ್ರಸಂಗ ಬರುತ್ತದೆ.

ಹಳೆಯ ಟ್ಯಾಂಕನ್ನೇ ಪಂಪ್ ಬಾವಿ ಮಾಡಿಕೊಂಡರೆ ಖರ್ಚು ಉಳಿಯುತ್ತದೆ ಎಂದು ಯಾರಾದರೂ ಹೇಳಿಯಾರು. ಕೊಳಚೆ ಅಷ್ಟು ದೊಡ್ಡ ಟ್ಯಾಂಕಿನಲ್ಲಿ ದಿನಗಟ್ಟಲೆ ನಿಂತರೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ವಾಸನೆ ಈಗಿರುವುದಕ್ಕಿಂತ ಹೆಚ್ಚು, ಪಂಪಿನ ಲೋಹಕ್ಕೂ ಕಾಂಕ್ರೀಟಿಗೂ ಕುತ್ತು. ಆದರೆ ಟ್ಯಾಂಕನ್ನು ಸ್ವಚ್ಛ ಮಾಡಿ, ಬಾವಿಯ ಮೇಲ್ಮಟ್ಟದಿಂದ ಒಂದು ಓವರ್‌ಫ್ಲೋ ಪೈಪ್ ಕೊಟ್ಟು ತುರ್ತು ಸಂಗ್ರಹಕ್ಕೆ ಇಟ್ಟುಕೊಂಡರೆ ಬಹಳ ಉಪಯೋಗ. ಬೆಳಗಿನ ಹೊತ್ತು ಹೆಸ್ಕಾಂ ಕರೆಂಟ್ ನಾಲ್ಕು ತಾಸು ಹೋದರೆ 42 ಮನೆಗಳಿಂದ ಎಂಟು ಸಾವಿರ ಲೀಟರ್‌ವರೆಗೂ ಬಂದೀತು. ಕರೆಂಟ್ ಬಂದ ಮೇಲೆ ಆ ನೀರು ಮರಳಿ ಬಾವಿಗೆ ಇಳಿಯುವಂತೆ ಕೆಳಗೊಂದು ಗೇಟ್ ವಾಲ್ವ್ ಇರಲಿ. ಪಂಪ್ ಎಂದರೆ ತಿಂಗಳ ಬಿಲ್ಲು, ವರ್ಷಕ್ಕೊಮ್ಮೆ ಸರ್ವಿಸ್, ಕೆಲವು ವರ್ಷಕ್ಕೊಮ್ಮೆ ಹೊಸ ಪಂಪ್. ಸಂಘದಲ್ಲಿ ತಿಂಗಳ ವಂತಿಗೆ ಸರಿಯಾಗಿ ವಸೂಲಾಗದಿದ್ದರೆ ಈ ದಾರಿ ಹಿಡಿಯುವ ಮುನ್ನ ಅದನ್ನು ಸರಿಪಡಿಸಿಕೊಳ್ಳಿ.

ಇನ್ನು "ಟ್ಯಾಂಕ್ ಇದ್ದರೆ ಯುಜಿಡಿ ಕಟ್ಟುವುದಿಲ್ಲ" ಎಂಬ ಮಾತು. ಇದರಲ್ಲಿ ಅರ್ಧ ನಿಜವಿದೆ. ಗಟ್ಟಿ ಪದಾರ್ಥವನ್ನು ಟ್ಯಾಂಕಿನಲ್ಲೇ ತಡೆದು ಬರೀ ನೀರನ್ನು ಸಣ್ಣ ಪೈಪಿನಲ್ಲಿ ಕಳಿಸುವ ಪದ್ಧತಿ ಎಂಜಿನಿಯರಿಂಗ್‌ನಲ್ಲಿ ಇದೆ. ಇಳಿಜಾರು ತೀರಾ ಕಡಿಮೆ ಇರುವ ಕಡೆ ಅದನ್ನು ಬೇಕೆಂದೇ ಬಳಸುತ್ತಾರೆ. ಆದರೆ ಆಗ ಟ್ಯಾಂಕಿನ ಹೂಳು ತೆಗೆಸುವ ಖರ್ಚು ನಿಮಗೆ ಎಂದೆಂದಿಗೂ ತಪ್ಪುವುದಿಲ್ಲ. ತೆಗೆಸುವುದು ಮರೆತ ವರ್ಷ ಹೂಳೆಲ್ಲ ಸಣ್ಣ ಪೈಪಿಗೆ ಹೊರಟು ಅದನ್ನು ಕಟ್ಟಿಹಾಕುತ್ತದೆ. ಟ್ಯಾಂಕಿನಲ್ಲಿ ಕೊಳೆತ ನೀರು ಮ್ಯಾನ್‌ಹೋಲಿಗೆ ಬಿದ್ದಾಗ ಗ್ಯಾಸ್ ಬಿಡುತ್ತದೆ, ರಸ್ತೆ ಬದಿಯ ಮನೆಗಳಿಗೆ ವಾಸನೆ ಹೋಗುತ್ತದೆ, ಕಾಂಕ್ರೀಟ್ ತಿನ್ನುತ್ತದೆ. ಇಳಿಜಾರು ಸಿಗುವ ಕಡೆ ಟ್ಯಾಂಕನ್ನು ದಾರಿಯಿಂದ ತೆಗೆದು ಹಾಕುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಮಳೆನೀರು

ಟೆರೇಸಿನ ನೀರು ಯುಜಿಡಿಗೆ ಬಿಟ್ಟರೆ ಪೈಪ್ ತೊಳೆದುಕೊಳ್ಳುತ್ತದೆ ಎಂದು ನಂಬಿದವರು ಬಹಳ. 1000 ಚದರಡಿ ಟೆರೇಸಿನ ಮೇಲೆ ಒಂದು ತಾಸಿನಲ್ಲಿ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್, ಅಂದರೆ ಸೆಕೆಂಡಿಗೆ 1.3 ಲೀಟರ್. ನಿಮ್ಮ 42 ಮನೆಗಳ ಕೊಳಚೆ ಅತಿ ಹೆಚ್ಚಿರುವ ಹೊತ್ತಿನಲ್ಲೂ 0.8 ಲೀಟರ್. ಒಂದೇ ಮನೆಯ ಮಾಳಿಗೆ ಇಡೀ ಲೇಔಟಿನ ಸಾಲನ್ನು ಮೀರಿಸುತ್ತದೆ! ಹತ್ತು ಮನೆಯವರು ಹೀಗೆ ಮಾಡಿದರೆ ತಗ್ಗಿನ ಮನೆಯ ಬಚ್ಚಲಲ್ಲಿ ಕೊಳಚೆ ಉಕ್ಕುತ್ತದೆ. ಸಂಘದ ನಿರ್ಣಯದಲ್ಲಿ ಇದನ್ನು ಬರೆಸಿ, ಕನೆಕ್ಷನ್ ಕೊಡುವ ದಿನ ಪ್ರತಿ ಮನೆಯ ಮಳೆ ಪೈಪ್ ಎಲ್ಲಿ ಇಳಿಯುತ್ತದೆ ಎಂದು ಕಣ್ಣಾರೆ ನೋಡಿ. ಅಂಗಳದ ಜಾಲರಿಗೂ ಇದೇ ಮಾತು.

ಹೋಲಿಕೆಗೆ ಇನ್ನೊಂದು ಮಟ್ಟ ಬರೆದಿಟ್ಟುಕೊಳ್ಳಿ: ಯಾವ ಮನೆಯ ಬಚ್ಚಲ ನೆಲ, ತನ್ನ ಮೇಲ್ದಿಕ್ಕಿನ ಹತ್ತಿರದ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ಕೆಳಗಿದೆಯೋ ಆ ಮನೆಗೆ ಬ್ಯಾಕ್‌ಫ್ಲೋ ಅಪಾಯವಿದೆ. ಸಾಲು ಎಲ್ಲಾದರೂ ಕಟ್ಟಿದರೆ ನೀರು ಮುಚ್ಚಳದಿಂದ ಉಕ್ಕುವ ಮೊದಲು ಆ ಬಚ್ಚಲಲ್ಲಿ ಉಕ್ಕುತ್ತದೆ. ಅಂಥ ಮನೆಗೆ ಕೊಳಚೆ ಹಿಂದೆ ಬರದಂತೆ ತಡೆಯುವ ಬ್ಯಾಕ್‌ವಾಟರ್ ವಾಲ್ವ್ ಹಾಕಲೇಬೇಕು, ವರ್ಷಕ್ಕೆ ಎರಡು ಸಲ ತೆರೆದು ತೊಳೆಯಲೇಬೇಕು.

ಎರಿ ನೆಲದಲ್ಲಿ ಪೈಪ್ ಹಾಕುವಾಗ

ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಮಣ್ಣು ಪೈಪನ್ನು ವರ್ಷಕ್ಕೊಮ್ಮೆ ಮೇಲೆ ಕೆಳಗೆ ಆಡಿಸುತ್ತದೆ. ಸಿಮೆಂಟ್ ಜಾಯಿಂಟಿನ ಹಳೆ ಮಾದರಿಯ ಸ್ಟೋನ್‌ವೇರ್ ಪೈಪ್ ಇದನ್ನು ತಾಳುವುದಿಲ್ಲ, ಜಾಯಿಂಟ್ ಬಿರುಕು ಬಿಟ್ಟು ಬೇರು ಹೊಕ್ಕುತ್ತದೆ. ರಬ್ಬರ್ ರಿಂಗ್ ಜಾಯಿಂಟಿನ ಭೂಗತ ಪಿವಿಸಿ ಪೈಪ್, ಐಎಸ್ 15328, ಎಸ್‌ಎನ್ 8 ದರ್ಜೆಯದು ತೆಗೆದುಕೊಳ್ಳಿ. ಮನೆ ಒಳಗೆ ಗೋಡೆಗೆ ಹಾಕುವ ಎಸ್‌ಡಬ್ಲ್ಯೂಆರ್ ಪೈಪನ್ನು ರಸ್ತೆಯಡಿ ಹೂಳಿದರೆ ನೀರಿನ ಟ್ಯಾಂಕರ್ ಓಡಾಡಿದಾಗ ಅದು ಜಜ್ಜಿ ಹೋಗುತ್ತದೆ. ಬೇಕಾದ ಆಳಕ್ಕಿಂತ 150 ಮಿ.ಮೀ. ಹೆಚ್ಚು ತೋಡಿ, ಗರಸು ಅಥವಾ ಮರಳು ಹಾಸಿ ದಮ್ಮಸು ಮಾಡಿ, ಪೈಪ್ ಇಟ್ಟು, ಬದಿಗೂ ತಲೆಯ ಮೇಲೆ 150 ಮಿ.ಮೀ.ವರೆಗೂ ಅದನ್ನೇ ತುಂಬಿ. ತೋಡಿದ ಎರಿ ಹೆಂಟೆಯನ್ನು ಪೈಪಿಗೆ ತಾಗುವಂತೆ ಹಾಕಿಸಬೇಡಿ. ಸಾಕೆಟಿನ ಬಾಯಿ ಮೇಲ್ದಿಕ್ಕಿಗೆ ಇರಬೇಕು. ನಲ್ಲಿ ಪೈಪನ್ನು ದಾಟುವಲ್ಲಿ ಕೊಳಚೆ ಪೈಪ್ ಅರ್ಧ ಮೀಟರ್ ಕೆಳಗಿರಲಿ.

ಪ್ರತಿ 30 ಮೀಟರಿಗೆ, ಪ್ರತಿ ತಿರುವಿನಲ್ಲಿ ಒಂದು ಚೇಂಬರ್. ಹೊಸ ಸಾಲಿನ ಚೇಂಬರ್ ಮುಚ್ಚಳ ತೆಗೆದು ತಳ ನೋಡಿದರೆ ಕೆಲಸದ ಗುಣ ತಿಳಿಯುತ್ತದೆ. ಪೈಪಿನಿಂದ ಪೈಪಿಗೆ ಅರ್ಧವರ್ತುಲದ ನುಣುಪಾದ ಕಾಲುವೆ ಇದ್ದು, ಎರಡೂ ಬದಿಯ ಸಿಮೆಂಟ್ ಅದರ ಕಡೆ ಇಳಿದಿದ್ದರೆ ಸರಿ. ಬರೀ ಚಪ್ಪಟೆ ಕಾಂಕ್ರೀಟ್ ಇದ್ದರೆ ಹೊಲಸು ಮೂಲೆಯಲ್ಲಿ ಕೂತು ಒಣಗಿ ಗಡ್ಡೆ ಕಟ್ಟುತ್ತದೆ. ಹಣ ಕೊಡುವ ಮೊದಲು ಅದನ್ನು ಒಡೆಸಿ ಮತ್ತೆ ಮಾಡಿಸಿ. ಮಣ್ಣು ಮುಚ್ಚುವ ಮುನ್ನ ಒಂದು ಚೇಂಬರಿನಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕನ್ನಡಿ ಹಿಡಿಸಿ: ಬೆಳಕು ಪೂರ್ಣ ವೃತ್ತವಾಗಿ ಕಂಡರೆ ಪೈಪ್ ನೆಟ್ಟಗಿದೆ, ಅರ್ಧಚಂದ್ರ ಕಂಡರೆ ನಡುವೆ ಕುಸಿದಿದೆ. ಕೆಳತುದಿ ಮುಚ್ಚಿ, ಮೇಲಿನ ಚೇಂಬರಿಗೆ ನೀರು ತುಂಬಿ, ಅರ್ಧ ತಾಸು ಮಟ್ಟ ಇಳಿಯುತ್ತದೆಯೇ ನೋಡಿ.

ಕೆಲಸಕ್ಕೆ ಜನವರಿಯಿಂದ ಮೇ ಒಳ್ಳೆಯ ಕಾಲ. ಒಂದೂವರೆ ಮೀಟರಿಗಿಂತ ಆಳದ ಗುಂಡಿಗೆ ಪಕ್ಕದಾಸರೆ ಇಲ್ಲದೆ ಕೂಲಿಯವರನ್ನು ಇಳಿಸಬಾರದು. ನೆನೆದ ಎರಿ ಗೋಡೆ ಸದ್ದಿಲ್ಲದೆ ಕುಸಿಯುತ್ತದೆ.

ಕಚೇರಿ ಮತ್ತು ಹಣ

ಒಳರಸ್ತೆಗಳು ಪಾಲಿಕೆಗೆ ಹಸ್ತಾಂತರ ಆಗಿವೆಯೇ? ನಗರಾಭಿವೃದ್ಧಿ ಪ್ರಾಧಿಕಾರ ಮಂಜೂರು ಮಾಡಿದ ಲೇಔಟ್ ನಕ್ಷೆ ಮತ್ತು ಹಸ್ತಾಂತರದ ಪತ್ರ ಎರಡನ್ನೂ ತೆಗೆಸಿ. ಹಸ್ತಾಂತರ ಆಗಿದ್ದರೆ ಒಳಸಾಲನ್ನು ಪಾಲಿಕೆಯೇ ಕಾಮಗಾರಿಯಾಗಿ ಕೈಗೊಳ್ಳುವಂತೆ ನಿಮ್ಮ ವಾರ್ಡ್ ಸದಸ್ಯರ ಮೂಲಕ ಮೊದಲು ಕೇಳಬೇಕು. ನೀವೇ ಹಣ ಹಾಕಿದ ಮೇಲೆ ಯಾರೂ ವಾಪಸ್ ಕೊಡುವುದಿಲ್ಲ. ಹಸ್ತಾಂತರ ಆಗದಿದ್ದರೆ ನಿರ್ವಹಣೆ ನಿಮ್ಮದೇ. ವಲಯ ಕಚೇರಿಗೆ ಅರ್ಜಿಯ ಜೊತೆ ಆಸ್ತಿ ಕರದ ರಸೀದಿ, ನೀರಿನ ಬಿಲ್ಲು, ಪರವಾನಿಗೆ ಇರುವ ಪ್ಲಂಬರ್ ಸಹಿ ಮಾಡಿದ ನಕ್ಷೆ ಬೇಕಾಗುತ್ತದೆ. ರಸ್ತೆ ಅಗೆತದ ಅನುಮತಿ ಬೇರೆ, ಶುಲ್ಕ ಬೇರೆ. ಮ್ಯಾನ್‌ಹೋಲಿಗೆ ಜೋಡಿಸುವ ಕೆಲಸ ಪಾಲಿಕೆಯವರ ಎದುರಲ್ಲೇ ಆಗಲಿ. ರಾತ್ರಿ ಹೊತ್ತು ಗೋಡೆ ಒಡೆದು ಪೈಪ್ ತುರುಕಿದರೆ ಆ ತೂತಿನಿಂದ ಮಣ್ಣು ಸೇರಿ ಇಡೀ ರಸ್ತೆಯ ಸಾಲು ಕಟ್ಟುತ್ತದೆ.

ವಂತಿಗೆಯಲ್ಲಿ ಸಾಮಾನ್ಯ ಸಾಲಿನ ಖರ್ಚು ಎಲ್ಲರಿಗೂ ಸಮ, ಮನೆಯಿಂದ ಓಣಿಯ ಚೇಂಬರ್‌ವರೆಗಿನದು ಅವರವರದು. ಖಾಲಿ ಪ್ಲಾಟಿನವರಿಂದಲೂ ಈಗಲೇ ಪಾಲು ಪಡೆದು ಅವರ ಮುಂದೆ ಒಂದು ಮುಚ್ಚಿದ ಕವಲು ಬಿಡಿ, ನಾಳೆ ರಸ್ತೆ ಮತ್ತೆ ಅಗೆಯುವುದು ತಪ್ಪುತ್ತದೆ.

ಹಳೆಯ ಟ್ಯಾಂಕ್

ಹೊಸ ಸಾಲು ಒಂದು ಮಳೆಗಾಲ ನಡೆಯುವವರೆಗೆ ಟ್ಯಾಂಕ್ ಒಡೆಯಬೇಡಿ, ಸಾಲನ್ನು ಬದಲಿಸಿ ಪ್ಲಗ್ ಹಾಕಿಟ್ಟುಕೊಳ್ಳಿ. ಆಮೇಲೆ ತುರ್ತು ಸಂಗ್ರಹಕ್ಕೆ ಬೇಡವಾದರೆ ಸಕ್ಕಿಂಗ್ ಗಾಡಿಯಿಂದ ಪೂರ್ತಿ ಖಾಲಿ ಮಾಡಿಸಿ. ಹೂಳು ಸಂಸ್ಕರಣಾ ಘಟಕಕ್ಕೇ ಹೋಯಿತೆಂಬ ರಸೀದಿ ಕೇಳಿ. ಸುಣ್ಣ ಹಾಕಿ, ಮೇಲಿನ ಸ್ಲ್ಯಾಬ್ ತೆಗೆದು, ಯಂತ್ರದಿಂದ ತಳಕ್ಕೆ ತೂತು ಹೊಡೆಸಿ, ಗರಸನ್ನು 200–300 ಮಿ.ಮೀ. ಪದರಗಳಲ್ಲಿ ದಮ್ಮಸು ಮಾಡುತ್ತ ತುಂಬಿಸಿ. ತಳ ತೂತು ಮಾಡದಿದ್ದರೆ ಮಳೆನೀರು ಒಳಗೆ ನಿಂತು ನೆಲ ಕುಸಿಯುತ್ತದೆ. ಅದನ್ನು ಇಂಗುಗುಂಡಿ ಮಾಡುವ ಆಲೋಚನೆ ಬಿಟ್ಟುಬಿಡಿ, ವಿಶೇಷವಾಗಿ ಸಮೀಪದಲ್ಲಿ ಬೋರ್‌ವೆಲ್ ಇದ್ದರೆ.

ಇದೆಲ್ಲದರ ನಡುವೆ ಒಂದು ಗಳಿಗೆ ಎಲ್ಲಕ್ಕಿಂತ ಅಪಾಯದ್ದು: ಹಳೆ ಪೈಪಿಗೆ ಪ್ಲಗ್ ಹಾಕಲು ಅಥವಾ ಉಳಿದ ಹೂಳು ಕೆರೆಯಲು "ಎರಡು ನಿಮಿಷದ ಕೆಲಸ" ಎಂದು ಯಾರನ್ನಾದರೂ ಟ್ಯಾಂಕಿಗೆ ಇಳಿಸುವುದು. ಹೂಳು ಕದಡಿದ ಕೂಡಲೇ ಒಳಗಿದ್ದ ಗ್ಯಾಸ್ ಒಮ್ಮೆಲೇ ಬಿಡುಗಡೆಯಾಗುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ವಾಸನೆ ಹೋಯಿತೆಂದು ಧೈರ್ಯ ಮಾಡಿದವರು ಅಲ್ಲೇ ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ಮೇಣದಬತ್ತಿ ಉರಿಸಿ ನೋಡುವ ಹಳೆ ರೂಢಿ ಈ ವಿಷವನ್ನು ತೋರಿಸುವುದಿಲ್ಲ. ಮೀಥೇನ್ ಇದ್ದರೆ ಸ್ಫೋಟವನ್ನೇ ಮಾಡಿಸುತ್ತದೆ. ಸುರಕ್ಷತಾ ಸಲಕರಣೆ ಇಲ್ಲದೆ ಹೀಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ನಿಷೇಧಿಸಿದೆ: ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಸಾವಾದರೆ 30 ಲಕ್ಷ ರೂಪಾಯಿ ಪರಿಹಾರ ಎಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೆಲಸಕ್ಕೆ ಕರೆಸಿದ ಸಂಘವೂ ಈ ಕಾಯ್ದೆಯ ಅಡಿ ಹೊಣೆಗಾರ. ಪ್ಲಗ್ ಮೇಲಿನಿಂದಲೇ ಹಾಕಲು ಬರುವ ಗಾಳಿ ತುಂಬುವ ರಬ್ಬರ್ ಪ್ಲಗ್ ಸಿಗುತ್ತದೆ, ಅಥವಾ ಟ್ಯಾಂಕಿನ ಹೊರಗೆ ಪೈಪ್ ಅಗೆದು ಅಲ್ಲೇ ಕತ್ತರಿಸಿ ಮುಚ್ಚಬಹುದು. ಗುತ್ತಿಗೆ ಪತ್ರದಲ್ಲಿ "ಯಾವ ಕಾರಣಕ್ಕೂ ಯಾರೂ ಒಳಗೆ ಇಳಿಯುವಂತಿಲ್ಲ" ಎಂಬ ಸಾಲನ್ನು ಸೇರಿಸಿ, ಟ್ಯಾಂಕಿನ ಕೆಲಸ ನಡೆಯುವ ದಿನ ಕಮಿಟಿಯ ಒಬ್ಬರು ಮುಗಿಯುವ ತನಕ ಅಲ್ಲೇ ನಿಂತಿರಲಿ.